ಬೆಳಗಿನ ಹತ್ತಕ್ಕೆ ಮುಳುಗಿದ ಸೂರ್ಯ

ಒತ್ತಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಆದರೆ ಪುಸ್ತಕ ಪ್ರಕಟಿಸುವ ಆ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಪ್ರೂಫ್ ತಿದ್ದಿದ ಮೇಲೆ ಆ ಹೆಸರು ಹಿಡಿದು ಕರೆಯುವವರು ಅಲ್ಲಿ ಯಾರೂ ಉಳಿದಿರಲಿಲ್ಲ. ಬಿಟ್ಟುಹೋದ ಒತ್ತಕ್ಷರ ಎಂಥ ಸಾಲಿನಲ್ಲಿದ್ದರೂ ಅವಳ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಅದಕ್ಕೇ ಒತ್ತಕ್ಕ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಪ್ಪು ತೆಗೆಯುತ್ತಾಳೆ ಎಂದು ಕಚೇರಿಯ ಯಜಮಾನರು ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ಹೊಗಳಿಕೆಗೇನು, ಖರ್ಚಿಲ್ಲದ ಬಾಬತ್ತು.

ಮೂರನೇ ಮಹಡಿಯಲ್ಲಿ ಕಿಟಕಿಯ ಪಕ್ಕಕ್ಕೆ ಅವಳ ಮೇಜು. ಎಡಕ್ಕೆ ಹಸ್ತಪ್ರತಿ, ಬಲಕ್ಕೆ ಪ್ರೂಫ್, ನಡುವೆ ಸಾಲು ತಪ್ಪದಂತೆ ಸರಿಸಿಕೊಂಡು ಹೋಗಲು ಒಂದು ರಟ್ಟಿನ ಪಟ್ಟಿ, ಕೈಯಲ್ಲಿ ಕೆಂಪು ಪೆನ್ನು. ಎದುರಿಗೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಹೆಂಗಸು ಕೂರುತ್ತಿದ್ದಳು. ಇಬ್ಬರೂ ಒಂದೇ ವಾರಿಗೆಯವರು, ಇಬ್ಬರಿಗೂ ಕತ್ತುನೋವು.

ಆ ಪ್ರಕಾಶನದಲ್ಲಿ ಕಥೆ ಕಾದಂಬರಿ ಹಾಕುತ್ತಿರಲಿಲ್ಲ. ಕಾಡು, ಹಕ್ಕಿ, ನದಿ, ಬೆಟ್ಟ, ದೇಶ ಸುತ್ತಿದ್ದು, ಬದುಕಿ ಬಂದದ್ದು, ಇಂಥ ಪುಸ್ತಕಗಳೇ ಎಲ್ಲ. 'ನಾವು ನಿಜವನ್ನು ಮಾತ್ರ ಅಚ್ಚು ಹಾಕುತ್ತೇವೆ' ಎಂದು ಯಜಮಾನರ ಕೋಣೆಯ ಗೋಡೆಗೆ ಕಟ್ಟು ಹಾಕಿಸಿದ ಫಲಕವೇ ಇತ್ತು. ಇಪ್ಪತ್ತಾರು ವರ್ಷ ಆ ನಿಜಗಳನ್ನು ಅಕ್ಷರ ಅಕ್ಷರ ಓದಿದ ಒತ್ತಕ್ಕನಿಗೆ ಕೆಲವು ಸಂಗತಿಗಳು ತಾವಾಗಿಯೇ ಕಂಡಿದ್ದವು. ಕಾಡಿನ ಪುಸ್ತಕದಲ್ಲಿ ಯಾರೊಬ್ಬರೂ ಸಗಣಿ ತುಳಿಯುವುದಿಲ್ಲ. ಪ್ರವಾಸದ ಪುಸ್ತಕದಲ್ಲಿ ಯಾರಿಗೂ ಹೊಟ್ಟೆ ಕೆಡುವುದಿಲ್ಲ. ಆತ್ಮಕಥೆ ಬರೆದವರೆಲ್ಲರ ತಾಯಂದಿರೂ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಉಂಡವರು. ಬರೆದವರು ಮಾತ್ರ ಜೀವಮಾನದಲ್ಲಿ ಒಮ್ಮೆಯೂ ಯಾರ ಮೇಲೂ ಕೈ ಎತ್ತಿದವರಲ್ಲ. ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಹತ್ತು ವರ್ಷದ ಮೇಲೆ ಆಕಳಿಕೆ ಬಂತು. ಇತ್ತೀಚೆಗೆ ಕೆಲವು ಪುಟ ತಿದ್ದಿದ ಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡು ಬರಬೇಕು ಅನಿಸುತ್ತಿತ್ತು. ತೊಳೆದುಕೊಂಡೇ ಬರುತ್ತಿದ್ದಳು.

"ಏನೇ, ಎಷ್ಟು ಸಲ ತೊಳೀತೀಯಾ? ಮಡಿ ಜಾಸ್ತಿ ಆಯ್ತು ನಿಂದು" ಎಂದು ಪುಟ ಕಟ್ಟುವವಳು ಛೇಡಿಸುತ್ತಿದ್ದಳು.

ಒತ್ತಕ್ಕನಿಗೆ ಹೇಸಿಗೆ ಹೊಸದಲ್ಲ. ಅವಳು ಹುಟ್ಟಿದ್ದೇ ಒಂದು ಕರಿ ನದಿಯ ದಡದಲ್ಲಿ. ಊರಿನ ಕೊನೆಗೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಅದರ ಹಿಂಗೋಡೆಯಿಂದ ಆಳುದ್ದದ ಕೊಳವೆಯೊಂದು ನದಿಗೆ ಬಾಯಿ ತೆರೆದಿತ್ತು. ಅಂದು ಯಾವ ಬಟ್ಟೆಗೆ ಯಾವ ಬಣ್ಣವೋ ನದಿಗೂ ಅದೇ ಬಣ್ಣ. ಬಣ್ಣದ ಕೆಳಗೆ ಸದಾಕಾಲದ ಕಪ್ಪು. ಕೊಳೆತ ಮೊಟ್ಟೆಗೆ ಸುಣ್ಣ ಬೆರೆಸಿದಂಥ ಒಂದು ನಾತ ಅನ್ನಕ್ಕೂ ಹತ್ತುತ್ತಿತ್ತು, ಹಾಸಿಗೆಗೂ ಹತ್ತುತ್ತಿತ್ತು. ಶಾಲೆಯಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡು ಸರಿದು ಕೂತ ದಿನವೇ ಅವಳು ತೀರ್ಮಾನಿಸಿದ್ದಳು, ಓದಿ ಇಲ್ಲಿಂದ ತಪ್ಪಿಸಿಕೊಳ್ಳಬೇಕು. ಓದಿದಳು, ತಪ್ಪಿಸಿಕೊಂಡಳು. ಬಸ್ಸಿನಲ್ಲಿ ಎರಡು ಗಂಟೆ ದೂರದ ಈ ದೊಡ್ಡ ಊರಿಗೆ ಬಂದು ನೆಲೆ ನಿಂತಳು. ಎಲ್ಲಿಯವಳು ಎಂದು ಯಾರಾದರೂ ಕೇಳಿದರೆ, "ಇಲ್ಲೇ, ಸ್ವಲ್ಪ ಆಚೆ" ಎನ್ನುತ್ತಿದ್ದಳು. ದಡದಲ್ಲಿ ಈಗ ಉಳಿದಿದ್ದವಳು ಅಕ್ಕ ಒಬ್ಬಳೇ. ಕಾರ್ಖಾನೆಯ ಬಟ್ಟೆಯನ್ನು ನದಿಯ ಮೆಟ್ಟಿಲ ಮೇಲೆ ಜಾಲಿಸುವ ಕೆಲಸ ಅವಳದು. ಭಾವ ತೀರಿಕೊಂಡ ಮೇಲೂ ಅದೇ ಮನೆ, ಅದೇ ಮೆಟ್ಟಿಲು. ಒತ್ತಕ್ಕ ನಾಲ್ಕೈದು ತಿಂಗಳಿಗೊಮ್ಮೆ ಹೋಗುತ್ತಿದ್ದಳು. ಹೋದರೆ ಒಂದು ಗಂಟೆ ಕೂತು, ಕೂತಷ್ಟು ಹೊತ್ತೂ ಬಾಯಿಯಿಂದಲೇ ಉಸಿರಾಡಿ ಬರುತ್ತಿದ್ದಳು.

ಹೀಗಿರುವಾಗ ಟೋಪಿಯವರ ಹೊಸ ಪುಸ್ತಕ ಬಂತು.

ಟೋಪಿಯವರು ಆ ಪ್ರಕಾಶನದ ದೊಡ್ಡ ಲೇಖಕರು. ಬಿಸಿಲಿರಲಿ, ನೆರಳಿರಲಿ, ತಲೆಯ ಮೇಲೆ ಅಗಲ ಅಂಚಿನ ಬಟ್ಟೆಯ ಟೋಪಿ ಇರಲೇಬೇಕು. ಪುಸ್ತಕದ ಹಿಂಬದಿಯ ಚಿತ್ರದಲ್ಲೂ ಅದೇ. ಅವರು ಓದುಗರಿಗೂ ಅದನ್ನೇ ಹಾಕುತ್ತಾರೆ ಎಂದು ಪುಟ ಕಟ್ಟುವವಳು ಪಿಸುಗುಟ್ಟುವುದಿತ್ತು. ಮರುಭೂಮಿ, ಹಿಮದ ಬೆಟ್ಟ, ಹಕ್ಕಿಗಳ ದ್ವೀಪ, ಎಲ್ಲ ಆಗಿ ಈ ಸಲ ನದಿ. ಹುಟ್ಟುವ ಜಾಗದಿಂದ ಕಡಲು ಸೇರುವ ತನಕ ಒಂದು ನದಿಯ ಜೊತೆ ನಡೆದ ಕಥೆ. ನಾನೂರು ಪುಟ.

ಒತ್ತಕ್ಕ ಎಂದಿನಂತೆ ತಿದ್ದುತ್ತ ಹೋದಳು. ನೂರಾ ಹನ್ನೆರಡನೇ ಪುಟದಲ್ಲಿ ಪೆನ್ನು ನಿಂತಿತು. ಲೇಖಕರು 'ಬೆಳಗಿನ ಹತ್ತು ಗಂಟೆಗೆ' ಒಂದು ಸಣ್ಣ ಊರಿನ ದಡಕ್ಕೆ ಇಳಿಯುತ್ತಾರೆ. ಬಟ್ಟೆ ತೊಳೆಯುವ ಒಬ್ಬ ಹೆಂಗಸಿನ ಜೊತೆ ನಾಲ್ಕು ಮಾತಾಡುತ್ತಾರೆ. ಅದೇ ಪುಟದ ಕೊನೆಗೆ, 'ಮುಳುಗುತ್ತಿದ್ದ ಸೂರ್ಯ ದಾಸವಾಳ ಅರೆದು ನೀರಿಗೆಲ್ಲ ಕಲಸಿದ್ದ. ನದಿ ನಾಚಿ ಕೆಂಪಾಗಿದ್ದಳು.'

ಅವಳು ಅಂಚಿನಲ್ಲಿ ಬರೆದಳು: 'ಬೆಳಗಿನ ಹತ್ತಕ್ಕೆ ಸೂರ್ಯಾಸ್ತ?' ಇಂಥವು ಎಲ್ಲ ಲೇಖಕರ ಕೈಯಲ್ಲೂ ಆಗುತ್ತವೆ. ಚಳಿಗಾಲದಲ್ಲಿ ಹೊರಟವರು ಎರಡು ಪುಟ ದಾಟುವಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತಾರೆ. ಅವಳು ಪುಟ ತಿರುವಿದಳು.

'ಆಕೆಯ ಎಡಗೈಯಲ್ಲಿ ಕಿರುಬೆರಳಿರಲಿಲ್ಲ. ಎಳವೆಯಲ್ಲಿ ನದಿಯ ಮೀನೊಂದು ಆಟವಾಡುತ್ತ ಕಚ್ಚಿಕೊಂಡು ಹೋಯಿತಂತೆ. ಅದನ್ನು ಹೇಳುವಾಗಲೂ ಆಕೆಯ ಕಣ್ಣಲ್ಲಿ ಮುನಿಸಿಲ್ಲ. ಮುರಿದ ಸೇತುವೆಯ ಕಂಬದ ಕೆಳಗೆ ಮೂರನೇ ಮೆಟ್ಟಿಲ ಮೇಲೆ ನಿಂತು ಆಕೆ ಬೊಗಸೆಯಲ್ಲಿ ನೀರು ಮೊಗೆದು ನನಗಿತ್ತಳು. ಕುಡಿದೆ. ಅಷ್ಟು ಸಿಹಿಯಾದ ನೀರನ್ನು ನಾನು ಕುಡಿದಿಲ್ಲ. ಈ ನದಿ ನನ್ನ ತಾಯಿ ಸ್ವಾಮಿ, ಎಂದಳು ಆಕೆ. ಬಟ್ಟೆಯ ಕೊಳೆಯನ್ನೂ ಮನಸ್ಸಿನ ಕೊಳೆಯನ್ನೂ ಒಂದೇ ಪ್ರೀತಿಯಿಂದ ತೊಳೆಯುತ್ತಾಳೆ.'

ಒತ್ತಕ್ಕ ರಟ್ಟಿನ ಪಟ್ಟಿಯನ್ನು ಕೆಳಗಿಟ್ಟಳು. ಮುರಿದ ಸೇತುವೆ, ಮೂರನೇ ಮೆಟ್ಟಿಲು, ಎಡಗೈಯ ಕಿರುಬೆರಳು. ಆ ಬೆರಳು ಹೋದದ್ದು ಕಾರ್ಖಾನೆಯಲ್ಲಿ ಬಟ್ಟೆ ಹಿಂಡುವ ಉರುಳೆಗೆ ಸಿಕ್ಕಿ. ಅಕ್ಕನಿಗಾಗ ಹದಿನೇಳು. ಬೆರಳನ್ನು ಒಂದು ಚಿಂದಿಯಲ್ಲಿ ಸುತ್ತಿ ಮನೆಗೆ ತಂದುಕೊಟ್ಟಿದ್ದರು, ಉಳಿದ ಸಾಮಾನು ತಂದುಕೊಡುವ ಹಾಗೆ. ಆ ಚಿಂದಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದವಳು ಹನ್ನೆರಡು ವರ್ಷದ ಒತ್ತಕ್ಕನೇ. ಇನ್ನು ಆ ನದಿಯಲ್ಲಿ ಮೀನು! ಅವಳು ಕಣ್ಣು ಬಿಟ್ಟಾಗಿನಿಂದ ಅಲ್ಲಿ ಮೀನೆಂದರೆ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿ ಬರುವಂಥದ್ದೇ.

ಸೂರ್ಯನ ಸಂಗತಿ ಆಗ ಹೊಳೆಯಿತು. ಹತ್ತು ಗಂಟೆ ಕೈತಪ್ಪಿ ಬಂದದ್ದಲ್ಲ. ಹತ್ತು ಗಂಟೆಯೇ ನಿಜ. ಆ ಮನುಷ್ಯ ಹೋದದ್ದು ಬೆಳಿಗ್ಗೆ ಹತ್ತಕ್ಕೇ. ಕಂಡದ್ದು ಕೆಂಪು ನೀರೇ. ಕೊಳವೆಯನ್ನೂ ಕಂಡಿದ್ದಾನೆ, ಯಾಕೆಂದರೆ ಮೂರನೇ ಮೆಟ್ಟಿಲಿಂದ ಕೊಳವೆಗೆ ಹತ್ತು ಹೆಜ್ಜೆಯೂ ಇಲ್ಲ. ಎಲ್ಲ ಕಂಡು, ಬಂದು ಕೂತು, ಸೂರ್ಯ ಮುಳುಗಿದ ಎಂದು ಬರೆದಿದ್ದಾನೆ.

ಅವಳು ಎದ್ದು ಬಚ್ಚಲಿಗೆ ಹೋದಳು. ಈ ಸಲ ಕೈ ತೊಳೆಯುವುದರಲ್ಲಿ ಮುಗಿಯಲಿಲ್ಲ.

ಭಾನುವಾರ ಪ್ರೂಫಿನಲ್ಲಿ ಆ ದಡದ ಕಥೆಯಿದ್ದ ಎಂಟು ಪುಟಗಳನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಕಚೇರಿಯ ಹಾಳೆ ಹೊರಗೆ ಒಯ್ಯುವುದು ತಪ್ಪು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಒಯ್ದಳು.

ಅಂದು ನದಿ ನೀಲಿ. ಆಕಾಶದ ನೀಲಿಯಲ್ಲ, ಬರೆಯುವ ಶಾಯಿಯ ನೀಲಿ. ಅಂಚಿಗೆ ಹೊಲಸು ಬೆಣ್ಣೆಯಂಥ ನೊರೆ ಮೊಣಕಾಲುದ್ದ ಕಟ್ಟಿಕೊಂಡು ಗಾಳಿಗೆ ಅಲುಗುತ್ತಿತ್ತು. ಸತ್ತ ನಾಯಿಯೊಂದು ಆ ನೊರೆಯಲ್ಲಿ ಸಿಕ್ಕಿ, ಹೊಟ್ಟೆ ಊದಿಕೊಂಡು, ನೀಲಿ ಕೂದಲಾಗಿ ನಿಂತಿತ್ತು. ಅಕ್ಕ ಭಾನುವಾರವೂ ಬಟ್ಟೆ ಜಾಲಿಸುತ್ತಿದ್ದಳು. ಮೊಣಕೈ ತನಕ ನೀಲಿ, ಅದರ ಕೆಳಗೆ ಹಳೆಯ ಹಸಿರು, ಉಗುರಿನಲ್ಲಿ ಯಾವ ಕಾಲದ್ದೋ ಕೆಂಪು. ಬೆರಳ ಸಂದಿಗಳಲ್ಲಿ ಚರ್ಮ ಸುಲಿದು ಬೆಳ್ಳಗೆ ಒಡೆದಿತ್ತು.

"ಬಾರೇ ಪುಟ್ಟಿ. ಏನು ಇಷ್ಟು ಬೇಗ? ಹೋದ ತಿಂಗಳಷ್ಟೇ ಬಂದಿದ್ದೆ. ಯಾರಾದ್ರೂ ಸತ್ರಾ?"

"ಯಾರೂ ಸತ್ತಿಲ್ಲ. ಟೋಪಿ ಹಾಕ್ಕೊಂಡ ಒಬ್ರು ಇಲ್ಲಿಗೆ ಬಂದಿದ್ರಾ ಅಕ್ಕಾ? ಮಾತಾಡಿಸಿದ್ರಾ ನಿನ್ನ?"

ಅಕ್ಕ ಸೊಂಟಕ್ಕೆ ಕೈ ಕೊಟ್ಟು ನೆನಪು ಮಾಡಿಕೊಂಡಳು. "ಹೂಂ, ಬಂದಿದ್ದ. ಕಾರಲ್ಲಿ ಬಂದಿದ್ದ. ಮೂಗಿಗೆ ಕರವಸ್ತ್ರ ಒತ್ಕೊಂಡೇ ಇಳಿದ. ಯಾಕೆ, ಏನು ಕಳ್ಕೊಂಡ್ನಂತೆ?"

"ನಡ್ಕೊಂಡು ಬರ್ಲಿಲ್ವಾ?"

"ಕಾರಿಂದ ಇಲ್ಲೀಗಂಟ ನಡೆದ್ನಲ್ಲ, ಅಷ್ಟೇ. ಅದೂ ಕುಂಟ ಕೋಳಿ ಹಂಗೆ, ಬೂಟಿಗೆ ಕೆಸರು ಆಗ್ಬಾರದಂತೆ."

ಒತ್ತಕ್ಕ ಮೆಟ್ಟಿಲ ಮೇಲೆ ಕೂತು ಪುಟಗಳನ್ನು ಓದಿದಳು. ಜಾಲಿಸುತ್ತಿದ್ದ ಇನ್ನೂ ಮೂರ್ನಾಲ್ಕು ಹೆಂಗಸರು ಬಟ್ಟೆ ಬಿಟ್ಟು ಹತ್ತಿರ ಬಂದರು. ದಾಸವಾಳದ ಮಾತು ಬಂದಾಗ ಒಬ್ಬಳು ಕಿಸಕ್ಕನೆ ನಕ್ಕಳು. ಮೀನು ಬೆರಳು ಕಚ್ಚಿದ್ದು ಕೇಳಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕ ನಗಲಿಲ್ಲ.

"ಬೆರಳು ಎಲ್ಲಿ ಹೋಯ್ತು ಅಂತ ಕೇಳ್ದ. ಮೆಷಿನ್ ತಿಂತು ಅಂದೆ. ಸರಿಯಾಗೇ ಹೇಳ್ದೆ ಕಣೇ. ಮೀನು ಅಂತ ಅವನಿಗ್ಯಾರು ಹೇಳಿದ್ರು?"

"ನೀರು ಕೊಟ್ಯಾ ಅವರಿಗೆ?"

"ಈ ನೀರಾ?" ಅಕ್ಕ ತಂಗಿಯ ಮುಖವನ್ನೇ ನೋಡಿದಳು. "ಅವನ ಹತ್ರ ಬಾಟ್ಲಿ ಇತ್ತು. ಎಡವಿ ಬೀಳೋ ಹಂಗಾದ ಅಂತ ಕೈ ಹಿಡ್ಕೊಂಡೆ. ಆಮೇಲೆ ಅದೇ ಬಾಟ್ಲಿ ನೀರಲ್ಲಿ ಕೈ ತೊಳ್ಕೊಂಡ, ನನ್ನ ಎದುರಿಗೇ."

"ಮತ್ತೆ ನದಿ ನನ್ನ ತಾಯಿ ಅಂದ್ಯಂತೆ?"

"ಥೂ!" ಅಕ್ಕ ನೀರಿಗೇ ಉಗಿದಳು. "ತಾಯಿ ಹಿಂಗೆ ನಾರ್ತಾಳಾ? ಈ ನದಿ ನಿಂಗೇನು ಅಂತ ಕೇಳ್ದ. ಬೇರೆ ಕಡೆ ಒಂದು ಕೆಲಸ ಸಿಕ್ರೆ ಈ ದಿಕ್ಕಿಗೆ ತಲೆ ಹಾಕಿ ಮಲಗಲ್ಲ ಸ್ವಾಮಿ ಅಂದೆ. ಬರ್ಕೊಂಡ ಕಣೇ, ಚಿಕ್ಕ ಪುಸ್ತಕ ತೆಗೆದು ನನ್ನ ಕಣ್ಣೆದುರಿಗೇ ಬರ್ಕೊಂಡ!" ಒಂದು ಬಟ್ಟೆ ಎತ್ತಿ ಹಿಂಡುತ್ತ, ತಂಗಿಯ ಕಡೆ ನೋಡದೆ ಹೇಳಿದಳು: "ನೀನು ಒಡಹುಟ್ಟಿದವಳು, ಇಲ್ಲೀಗಂಟ ಬಂದ್ರೂ ನಮ್ಮನೇಲಿ ಒಂದು ಲೋಟ ನೀರು ಮುಟ್ಟಲ್ಲ. ಅವನು ನೋಡಿದ್ರೆ ಬೊಗಸೇಲಿ ಕುಡಿದ್ನಂತೆ. ಇಬ್ರಲ್ಲಿ ಯಾರು ವಾಸಿ ಅಂತ ನಾನು ಯೋಚ್ನೆ ಮಾಡ್ಬೇಕು."

ಆ ಮಾತು ಒತ್ತಕ್ಕನಿಗೆ ಚಪ್ಪಲಿಯ ಏಟಿನಂತೆ ಬಿತ್ತು. ಅಕ್ಕನ ಮನೆಯಲ್ಲಿ ಕುಡಿಯುವುದು ನದಿಯ ನೀರಲ್ಲ, ಕೊಳಾಯಿಯ ನೀರು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮುಟ್ಟಿರಲಿಲ್ಲ. ಬಾಟಲಿ ತಾನೂ ಚೀಲದಲ್ಲಿಟ್ಟುಕೊಂಡೇ ಬಂದಿದ್ದಳು. ಆ ಟೋಪಿಯ ಮನುಷ್ಯನ ಮೇಲೆ ಬಂದಿದ್ದ ಹೇಸಿಗೆಯಲ್ಲಿ ಅರ್ಧ ಪಾಲು ಆ ಗಳಿಗೆ ಅವಳ ಕಡೆಗೇ ತಿರುಗಿತು.

ಸೋಮವಾರ ಅವಳು ಆ ಎಂಟು ಪುಟಗಳ ಅಂಚು ತುಂಬ ಕೆಂಪಿನಲ್ಲಿ ಬರೆದಳು. ಕಾಗುಣಿತ ತಿದ್ದುವ ಅದೇ ಪುಟ್ಟ, ದುಂಡು ಅಕ್ಷರ. 'ಬೆರಳು ಹೋದದ್ದು ಕಾರ್ಖಾನೆಯ ಉರುಳೆಗೆ ಸಿಕ್ಕಿ. ಆಕೆ ಲೇಖಕರಿಗೆ ಹಾಗೆಂದೇ ಹೇಳಿದ್ದಾಳೆ.' 'ನೀರು ಕುಡಿದಿಲ್ಲ.' 'ಕೆಂಪು ಸೂರ್ಯನದಲ್ಲ, ಕೊಳವೆಯದು.' 'ಆಕೆ ಆಡಿದ ಮಾತು ಇದಲ್ಲ, ಇದು:' ಎಂದು ಅಕ್ಕನ ಮಾತನ್ನು ಇದ್ದಂತೆಯೇ ಇಳಿಸಿದಳು. ಪುಟ ಕಟ್ಟುವವಳು ಅದನ್ನು ಓದಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ನಿಂಗೇನು ತಲೆ ಕೆಟ್ಟಿದ್ಯಾ? ಊರ ಉಸಾಬರಿ ನಿಂಗ್ಯಾಕೆ?"

"ನನ್ನೂರದ್ದೇ ಕಣೇ" ಎಂದಳು ಒತ್ತಕ್ಕ. ಇಪ್ಪತ್ತಾರು ವರ್ಷದಲ್ಲಿ ಆ ಕಚೇರಿಯಲ್ಲಿ ಅವಳು ಊರು ಹೇಳಿಕೊಂಡದ್ದು ಅದೇ ಮೊದಲು.

ಮರುದಿನ ಯಜಮಾನರು ಕೋಣೆಗೆ ಕರೆಸಿದರು. ಟೋಪಿಯವರೂ ಅಲ್ಲಿದ್ದರು. ಟೋಪಿ ಮೇಜಿನ ಮೇಲಿತ್ತು. ಬೋಳುತಲೆಯ ಮೇಲೆ ಅದರ ಗೀರು ಕೂತಿತ್ತು.

"ಏನಮ್ಮಾ ಇದು?" ಯಜಮಾನರು ಪುಟಗಳನ್ನು ಎತ್ತಿ ತೋರಿಸಿದರು. "ನಿಮ್ಮ ಕೆಲಸ ಕಾಗುಣಿತ ನೋಡೋದು. ನದಿ ನೋಡೋದಲ್ಲ."

"ನದಿ ಅವರೂ ನೋಡಿದಾರೆ ಸಾರ್. ನೋಡಿದ್ದನ್ನ ಬರೀಲಿಲ್ಲ, ಅಷ್ಟೇ."

ಟೋಪಿಯವರಿಗೆ ಸಿಟ್ಟು ಬರುತ್ತದೆ ಎಂದು ಅವಳು ಕಾದಿದ್ದಳು. ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಅವರು ಎದ್ದು ನಿಂತು ಎರಡೂ ಕೈ ಮುಗಿದರು.

"ಎಂಥ ಕಣ್ಣಮ್ಮಾ ನಿಮ್ಮದು! ಹತ್ತು ಗಂಟೆಗೆ ಸೂರ್ಯಾಸ್ತ! ನಾನು ನಾಲ್ಕು ಸಲ ಓದಿದೀನಿ, ಕಂಡಿರ್ಲಿಲ್ಲ. ಮರ್ಯಾದೆ ಉಳಿಸಿದ್ರಿ." ಹೀಗೆಂದು ಯಜಮಾನರ ಪೆನ್ನನ್ನೇ ತೆಗೆದುಕೊಂಡು 'ಬೆಳಗಿನ ಹತ್ತು ಗಂಟೆಗೆ' ಎಂಬುದರ ಮೇಲೆ ಒಂದು ಗೀಟು ಎಳೆದು, 'ಇಳಿಸಂಜೆ' ಎಂದು ಬರೆದರು. "ಆಯ್ತಲ್ಲ? ಈಗ ಯಾರೂ ಬೆರಳು ತೋರ್ಸೋ ಹಾಗಿಲ್ಲ."

ಒತ್ತಕ್ಕ ಆ ಗೀಟನ್ನೇ ನೋಡಿದಳು. ಇದ್ದ ಒಂದೇ ಒಂದು ನಿಜ ಆ ಹತ್ತು ಗಂಟೆ. ಅದನ್ನು ಹುಡುಕಿ, ಕೆಂಪು ಗೆರೆ ಹಾಕಿ, ಅಳಿಸಲು ಕೈಗೆ ಕೊಟ್ಟವಳು ಅವಳೇ.

"ಮಿಕ್ಕಿದ್ದು?" ಎಂದಳು.

"ಮಿಕ್ಕಿದ್ದು..." ಟೋಪಿಯವರು ಮಗುವಿಗೆ ಹೇಳುವ ದನಿಯಲ್ಲಿ ಹೇಳಿದರು. "ನೋಡಿ ಅಮ್ಮಾ, ನಾತ ಬರೆದ್ರೆ ಯಾರು ಓದ್ತಾರೆ? ಊಟ ಮಾಡಿ ಆರಾಮಾಗಿ ಕೂತು ಪುಸ್ತಕ ತೆಗೀತಾರೆ ಜನ. ಅವರಿಗೆ ನದಿ ಮೇಲೆ ಮೊದ್ಲು ಪ್ರೀತಿ ಹುಟ್ಟಬೇಕು. ಪ್ರೀತಿ ಹುಟ್ಟಿದ್ರೆ ತಾನೇ ಉಳಿಸ್ಕೋತಾರೆ. ನಾನು ಅದಕ್ಕೇ ಬರೆಯೋದು. ನನಗೂ ಅಲ್ಲಿ ನಿಂತು ಕಣ್ಣಲ್ಲಿ ನೀರು ಬಂತು, ಗೊತ್ತಾ?"

"ಅದು ಸುಣ್ಣದ ಘಾಟಿಗೆ ಸಾರ್. ಅಲ್ಲಿ ನಿಂತೋರಿಗೆಲ್ಲ ಬರುತ್ತೆ."

ಯಜಮಾನರು ಕೆಮ್ಮಿದರು. ಟೋಪಿಯವರು ಅವಳನ್ನು ದಿಟ್ಟಿಸಿ ನೋಡಿ, "ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರು.

"ಆ ಬೆರಳಿಲ್ಲದವಳು ನಮ್ಮಕ್ಕ."

ಈಗಲಾದರೂ ಟೋಪಿಯವರ ಮುಖದಲ್ಲಿ ನಾಚಿಕೆಯ ಒಂದು ಎಳೆ ಕಂಡೀತೇ ಎಂದು ಒತ್ತಕ್ಕ ನೋಡಿದಳು. ಕಂಡದ್ದು ಸಂತೋಷ. ಬಯಲಲ್ಲಿ ಬಿದ್ದ ಚಿನ್ನ ಸಿಕ್ಕಿದವನ ಸಂತೋಷ.

"ನಿಮ್ಮಕ್ಕ! ಎಂಥ ಸೋಜಿಗ! ಯಜಮಾನ್ರೇ, ಇದು ಮುನ್ನುಡಿಗೆ ಬರ್ಲೇಬೇಕು. ಪುಸ್ತಕದ ಕರಡು ತಿದ್ದಿದಾಕೆಯೇ ಆ ದಡದ ಮಗಳು, ಅಕ್ಕನ ಮಾತು ಓದ್ತಾ ಓದ್ತಾ ಆಕೆಯ ಕಣ್ಣೀರು ಪುಟದ ಮೇಲೆ ಬಿತ್ತು, ಅಂತ. ಆಗಬಹುದೇನಮ್ಮಾ?"

"ನಾನು ಅಳ್ಲಿಲ್ಲ. ವಾಂತಿ ಮಾಡ್ಕೊಂಡೆ" ಎಂದಳು ಒತ್ತಕ್ಕ. "ಬರೀತೀರಾ ಅದನ್ನ?"

ಯಜಮಾನರು ಅವಳನ್ನು ಹೊರಗೆ ಕಳಿಸಿದರು.

ಎರಡು ದಿನ ಬಿಟ್ಟು ಕೊನೆಯ ಪ್ರೂಫ್ ಮೇಜಿಗೆ ಬಂತು. ಮೀನು ಇತ್ತು, ಬೊಗಸೆಯ ನೀರಿತ್ತು, ತಾಯಿಯ ಮಾತಿತ್ತು. ಸೂರ್ಯ ಈಗ ತಕ್ಕ ಹೊತ್ತಿಗೆ ಮುಳುಗುತ್ತಿದ್ದ. ಮುನ್ನುಡಿಯಲ್ಲಿ ಕಣ್ಣೀರೂ ಬಿದ್ದಿತ್ತು, ಅವಳ ನಿಜವಾದ ಹೆಸರಿನ ಸಮೇತ. ಇಷ್ಟು ವರ್ಷದಲ್ಲಿ ಲೇಖಕರನ್ನು ಕೇಳದೆ ಒಂದು ಅಲ್ಪವಿರಾಮವನ್ನೂ ಮುಟ್ಟದಿದ್ದ ಅವಳು ಆ ನಾಲ್ಕು ಸಾಲಿಗೆ ಅಡ್ಡಗೀಟು ಎಳೆದಳು. ಅಕ್ಕನ ಪುಟಗಳಿಗೆ ಕೈ ಹಚ್ಚಲಿಲ್ಲ. ಹಚ್ಚಬೇಕು ಎಂದು ಕೈ ತುರಿಸಿದ್ದು ಸುಳ್ಳಲ್ಲ; ಆದರೆ ಅವು ಅವಳ ಮಾತಲ್ಲ, ಇನ್ನೊಬ್ಬರ ಸುಳ್ಳನ್ನು ಕದ್ದು ತಿದ್ದುವುದೂ ಅವಳಿಗೆ ಕಳ್ಳತನವಾಗಿಯೇ ಕಂಡಿತು. ಪ್ರತಿ ಪುಟದ ಕೊನೆಗೆ ತಿದ್ದಿದವರು ಸಹಿ ಹಾಕುವುದು ಅಲ್ಲಿಯ ಪದ್ಧತಿ. ಸಹಿ ಹಾಕದೆ ಕಂತೆಯನ್ನು ಯಜಮಾನರ ಮೇಜಿನ ಮೇಲಿಟ್ಟು, ರಟ್ಟಿನ ಪಟ್ಟಿ ಮತ್ತು ಕನ್ನಡಕದ ಡಬ್ಬಿ ಚೀಲಕ್ಕೆ ಹಾಕಿಕೊಂಡಳು.

"ನಾಳೆ ಬರ್ತೀಯಲ್ಲ?" ಎಂದು ಪುಟ ಕಟ್ಟುವವಳು ಕೇಳಿದಳು.

"ಇಲ್ಲ. ಇನ್ನು ಮೇಲೆ ಕತ್ತುನೋವು ನಿನಗೊಬ್ಬಳಿಗೇ."

ಮನೆಯಲ್ಲಿ ನಾಲ್ಕು ದಿನ ಸುಮ್ಮನೆ ಕೂತಳು. ಐದನೇ ದಿನ ಬೆಳಿಗ್ಗೆ ಒಂದು ಹಾಳೆ ತೆಗೆದುಕೊಂಡಳು. ಬೇರೆಯವರ ಲಕ್ಷಾಂತರ ವಾಕ್ಯ ತಿದ್ದಿದವಳು ಸ್ವಂತದ್ದು ಒಂದು ವಾಕ್ಯ ಬರೆದವಳಲ್ಲ. ಮೊದಲು ಬರೆದದ್ದು ಟೋಪಿಯವರ ಶೈಲಿಯಲ್ಲೇ ಇತ್ತು; ಹೇಸಿ ಹರಿದಳು. ಮಧ್ಯಾಹ್ನದ ಹೊತ್ತಿಗೆ ಪತ್ರಿಕೆಯ ಸಂಪಾದಕರಿಗೆ ಒಂದು ಸಣ್ಣ ಪತ್ರವಾಯಿತು. ಯಾವ ಊರು, ಯಾವ ದಡ, ಕೊಳವೆ ಎಲ್ಲಿದೆ, ಸೋಮವಾರ ನೀರು ಯಾವ ಬಣ್ಣ, ಗುರುವಾರ ಯಾವ ಬಣ್ಣ, ಅಲ್ಲಿ ನಿಂತು ಕೆಲಸ ಮಾಡುವವರ ಕೈ ಹೇಗಿದೆ. ಉಪಮೆ ಒಂದೂ ಇರಲಿಲ್ಲ. ಕೆಳಗೆ ಹೆತ್ತವರು ಇಟ್ಟ ಹೆಸರು ಹಾಕಿದಳು. ಪುಸ್ತಕದ ಸುದ್ದಿ ಎತ್ತಲಿಲ್ಲ. ಹತ್ತು ದಿನದ ಮೇಲೆ ಪತ್ರ ಅಚ್ಚಾಯಿತು, ಎರಡು ಮುದ್ರಣದೋಷದ ಜೊತೆಗೆ. 'ಬಣ್ಣ' ಎಂಬಲ್ಲಿ ಒತ್ತು ಹಾರಿ 'ಬಣ' ಆಗಿತ್ತು. ಅವಳು ಗೊತ್ತಿಲ್ಲದೆಯೇ ಕೆಂಪು ಪೆನ್ನು ಹುಡುಕಿದಳು.

ಏನೂ ಆಗುವುದಿಲ್ಲ ಅಂದುಕೊಂಡಿದ್ದಳು. ಆಯಿತು. ಆ ವಾರವೇ ಇಬ್ಬರು ಅಧಿಕಾರಿಗಳು ದಡಕ್ಕೆ ಬಂದು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋದರು. ಕಾರ್ಖಾನೆಯ ಕೊಳವೆಗೆ ಮುದ್ರೆ ಬಿತ್ತು. ಒತ್ತಕ್ಕ ಮುಂದಿನ ವಾರದ ಭಾನುವಾರ ಎದೆಯುಬ್ಬಿಸಿಕೊಂಡೇ ಬಸ್ಸಿಳಿದಳು.

ಅಕ್ಕ ಬಾಗಿಲಲ್ಲಿ ಕೂತಿದ್ದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

"ಬಾರಮ್ಮಾ, ಬಾ. ಬಂದು ನೋಡು. ಕಾರ್ಖಾನೆ ಮುಚ್ಚಿದೆ, ಕೆಲಸ ಇಲ್ಲ. ಆರು ದಿನ ಆಯ್ತು. ಪಕ್ಕದ ಮನೆಯೋಳು ಬಂದು ನನ್ನ ಜುಟ್ಟಿಗೆ ಕೈ ಹಾಕೋದೊಂದು ಬಾಕಿ. ನಿನ್ನ ತಂಗಿ ಅಂತೆ ಬರ್ದಿದ್ದು, ಅಂತ."

"ಅಕ್ಕಾ, ನಿನ್ನ ಕೈ ಏನಾಗಿದೆ ನೋಡ್ಕೊಂಡಿದ್ದೀಯಾ?"

"ಕೈ ಹಿಂಗಿದ್ರೂ ಬಾಯಿಗೆ ಬೀಳ್ತಿತ್ತು. ಈಗ ಕೈ ಬೆಳ್ಳಗಾಗ್ತಿದೆ, ಬಾಯಿಗೆ ಏನು ಹಾಕ್ಲಿ? ಅವನು ಒಂದು ಥರ ಬರ್ದ, ನೀನು ಒಂದು ಥರ ಬರ್ದೆ. ಇಬ್ರಲ್ಲಿ ಒಬ್ರಾದ್ರೂ ನನ್ನ ಕೇಳಿದ್ರಾ, ಏನು ಬರೀಲಿ ಅಂತ?"

ಒತ್ತಕ್ಕ ನದಿಯನ್ನು ನೋಡಿದಳು. ಬಣ್ಣ ಇಲ್ಲದೆ ಅದು ಚೆನ್ನಾಗಿ ಕಾಣಬಹುದು ಎಂದುಕೊಂಡಿದ್ದಳು, ಇನ್ನೂ ಅಸಹ್ಯವಾಗಿತ್ತು. ಮೇಲಿನ ಬಣ್ಣ ಹೋಗಿ ತಳದ ಕಪ್ಪು ರಾಡಿ, ಗುಳ್ಳೆ ಒಡೆಯುವ ಕೆಸರು, ಅದರಲ್ಲಿ ಹೂತ ಚಿಂದಿ, ತಗಡು, ಎಲುಬು ಎಲ್ಲ ಬಯಲಾಗಿದ್ದವು. ಈ ರಾಡಿಯ ಮೇಲೆ ಎಷ್ಟು ವರ್ಷ ಬಣ್ಣ ಹರಿದಿತ್ತು! ಅವಳು ಮೂಗು ಮುಚ್ಚಿಕೊಳ್ಳಲಿಲ್ಲ. ಒಳಗೆ ಹೋಗಿ ಅಕ್ಕನ ಕೊಡದಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದಳು. ವಾಕರಿಕೆ ಬಂತು. ನುಂಗಿದಳು. ಅಕ್ಕ ನೋಡುತ್ತಿದ್ದಳು.

ಹನ್ನೊಂದು ದಿನಕ್ಕೆ ಕಾರ್ಖಾನೆ ತೆರೆಯಿತು. ನೀರು ಸೋಸುವ ಒಂದು ತೊಟ್ಟಿ ಕಟ್ಟಿದ್ದೇವೆ ಎಂದು ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿದರು. ತೊಟ್ಟಿ ಇರುವುದು ನಿಜ. ಅದು ತುಂಬಿದ ದಿನ ಕೊಳವೆ ಮತ್ತೆ ಹರಿಯುವುದೂ ನಿಜ. ಮೊದಲು ವಾರದ ಏಳೂ ದಿನ ಬಣ್ಣ ಬರುತ್ತಿದ್ದದ್ದು ಈಗ ಎರಡು ದಿನ. ಜಾಲಿಸುವ ಹೆಂಗಸರಿಗೆ ಮೊಣಕೈ ತನಕದ ರಬ್ಬರ್ ಕೈಗವಸು ಕೊಟ್ಟಿದ್ದಾರೆ. ಅಕ್ಕನದಕ್ಕೆ ಐದು ಬೆರಳಿವೆ. ಕಿರುಬೆರಳಿನ ಜಾಗದಲ್ಲಿ ಖಾಲಿ ರಬ್ಬರು ನೀರು ತುಂಬಿಕೊಂಡು ಜೋಲುತ್ತದೆ, ಕೆಲಸಕ್ಕೆ ಅಡ್ಡ ಬರುತ್ತದೆ ಎಂದು ಅವಳು ಅದನ್ನು ಕತ್ತರಿಸಿ ಗಂಟು ಹಾಕಿಕೊಂಡಿದ್ದಾಳೆ. ಇಷ್ಟಕ್ಕೇ ಇಷ್ಟೆಲ್ಲ ಆಯಿತೇ ಎಂದು ಒತ್ತಕ್ಕನಿಗೆ ಅನಿಸುವುದುಂಟು. ಇಷ್ಟಾದರೂ ಆಯಿತಲ್ಲ ಎಂದು ಅಕ್ಕ ಅನ್ನುವುದೂ ಉಂಟು, ಸಿಟ್ಟು ಇಳಿದ ದಿನ.

ಪುಸ್ತಕ ಬಿಡುಗಡೆಯಾಯಿತು, ಚೆನ್ನಾಗಿ ಓಡಿತು. ನದಿಯ ಮೇಲೆ ಪ್ರೀತಿ ಹುಟ್ಟಿದ ಕೆಲವು ಓದುಗರು ಆ ತಾಯಿಯನ್ನು ಹುಡುಕಿಕೊಂಡು ದಡಕ್ಕೂ ಬಂದರು. ಮೂಗಿಗೆ ಬಟ್ಟೆ ಹಿಡಿದುಕೊಂಡು, ಇದು ಆ ಜಾಗ ಆಗಿರಲಿಕ್ಕಿಲ್ಲ ಎಂದು ಹಿಂದಿರುಗಿದರು. ಒಬ್ಬರು ಅಕ್ಕನನ್ನೇ ದಾರಿ ಕೇಳಿದರಂತೆ. "ಮುಂದೆ ಹೋಗಿ, ಇನ್ನೂ ಮುಂದೆ, ಸಂಜೆ ಆಗೋವರೆಗೂ ಹೋಗಿ" ಎಂದು ಅವಳು ಕೈ ತೋರಿಸಿದಳಂತೆ.

ಒತ್ತಕ್ಕ ಈಗ ಔಷಧದ ಡಬ್ಬಿಯೊಳಗೆ ಮಡಿಸಿಡುವ ಚೀಟಿಗಳ ಪ್ರೂಫ್ ನೋಡುತ್ತಾಳೆ. ಸಾಸಿವೆ ಗಾತ್ರದ ಅಕ್ಷರ, ಕಣ್ಣು ಇಂಗಿ ಹೋಗುತ್ತದೆ. ಆದರೆ ಅಲ್ಲಿ ವಾಂತಿಗೆ ವಾಂತಿ ಎಂದೇ ಬರೆಯುತ್ತಾರೆ, ತುರಿಕೆಗೆ ತುರಿಕೆ ಎಂದೇ. ಒಂದು ಸೊನ್ನೆ ಹೆಚ್ಚಾದರೆ ಯಾರೋ ಸಾಯುತ್ತಾರೆ, ಅದಕ್ಕೇ ಮೂರು ಜನ ನೋಡುತ್ತಾರೆ. ಆ ಕೆಲಸದಲ್ಲಿ ಅವಳಿಗೆ ಕೈ ತೊಳೆಯಬೇಕು ಅನಿಸಿಲ್ಲ.

ಹೋದ ತಿಂಗಳು ಹಳೆಯ ಯಜಮಾನರು ಫೋನ್ ಮಾಡಿದ್ದರು. ದನಿಯಲ್ಲಿ ಜೇನು. "ನೀವಿಲ್ದೆ ಕೈ ಮುರಿದ ಹಾಗಾಗಿದೆ ಅಮ್ಮಾ. ಹಳೇದೆಲ್ಲ ಮರ್ತುಬಿಡಿ. ಆ ನದಿ ಪುಸ್ತಕದವರು ಹೊಸದು ಬರೆದಿದಾರೆ, ತೀರಿಕೊಂಡ ತಾಯಿ ಮೇಲೆ. ಕಲ್ಲೂ ಕರಗ್ಬೇಕು, ಹಾಗಿದೆ. ಇದೊಂದು ನೋಡಿಕೊಡಿ."

"ಸಾರ್, ಅವರ ತಾಯಿ ನಿಜವಾಗ್ಲೂ ತೀರಿಕೊಂಡಿದಾರಾ? ಅದನ್ನ ಮೊದ್ಲು ವಿಚಾರಿಸಿ" ಎಂದಳು ಒತ್ತಕ್ಕ.

ಆ ಕಡೆ ಯಜಮಾನರು ನಕ್ಕರೋ, ಕೆಮ್ಮಿದರೋ, ತಿಳಿಯಲಿಲ್ಲ. ಅವಳು ಫೋನ್ ಇಟ್ಟು, ಕನ್ನಡಕ ಒರೆಸಿಕೊಂಡು, ಕೆಮ್ಮಿನ ಔಷಧದ ಚೀಟಿಯ ಹನ್ನೆರಡನೇ ಸಾಲಿಗೆ ಹೋದಳು.